ಅಸಾಧಾರಣ ಕಷ್ಟ ಬೇಕಾಗಿದೆ

ಕ್ಯಾಲಿಫೋರ್ನಿಯಾದ ಮಡೇರಾದಲ್ಲಿ ಫಿಡೆನ್ಸಿಯೊ ಎಂಬ ನನ್ನ ಹೆಸರು ಕೇಳದವರು ಇಬ್ಬರೇ ಇದ್ದಾರೆ. ಒಬ್ಬ ಹುಟ್ಟುಕಿವುಡ. ಇನ್ನೊಬ್ಬ ನನ್ನ ಟ್ಯೂಬಾ ಕೇಳಿ ಕಿವುಡನಾದವನು. ಹೆಬ್ಬಾವಿನ ಹಾಗೆ ಮೈಗೆ ಸುತ್ತಿಕೊಳ್ಳುವ ಆ ಹಿತ್ತಾಳೆಯ ವಾದ್ಯಕ್ಕೆ ನಾನು ಉಸಿರು ಕೊಟ್ಟರೆ ಸಾಕು, ಬಾದಾಮಿ ತೋಟದವರು ಮರ ಅಲ್ಲಾಡಿಸುವ ಯಂತ್ರವನ್ನು ಶೆಡ್ಡಿಗೆ ವಾಪಸು ಕಳಿಸುತ್ತಾರೆ; ಕಾಯಿ ತಾನಾಗಿಯೇ ಉದುರುತ್ತದೆ. ಇಂಥ ನಾನು ನನ್ನ ತಂಗಿಯನ್ನು ಅಮೆರಿಕ ಸರ್ಕಾರದ ಕೈಯಿಂದ ಬಿಡಿಸಿಕೊಂಡು ಬಂದ ಕಥೆಯನ್ನು ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಯಾರನ್ನೂ ನಂಬಬೇಡಿ. ಅವರೆಲ್ಲ ಇದ್ದದ್ದನ್ನು ಇದ್ದಷ್ಟೇ ಹೇಳುವ ಬಡವರು.

ನನ್ನ ತಂಗಿ ಎರ್ಮೆಲಿಂಡಾ ನನ್ನ ಹಾಗಲ್ಲ. ನಮ್ಮಮ್ಮ ಮಾತನ್ನೆಲ್ಲ ನನಗೆ ಬಡಿಸಿ, ಖಾಲಿ ಪಾತ್ರೆಯನ್ನು ಅವಳ ಕೈಗೆ ಕೊಟ್ಟಿದ್ದಳು. ಮೆಕ್ಸಿಕೊದ ಓಹಾಕಾದ ಬೆಟ್ಟದ ಊರಿನಿಂದ ನಾನು ಮೊದಲು ಬಂದೆ. ಸ್ಟ್ರಾಬೆರಿ ಕೀಳುತ್ತಿದ್ದವರಿಗೆಲ್ಲ ಸರ್ಕಾರ ಇಲ್ಲೇ ಇರಲು ಕಾಗದ ಹಂಚಿದ ವರ್ಷ ನನಗೂ ಸಿಕ್ಕಿತು. ಕೊಟ್ಟ ಅಧಿಕಾರಿ ನನ್ನ ಕೈ ಕುಲುಕಿ, ‘ನಿಮ್ಮನ್ನೇ ಕಾಯುತ್ತಿದ್ದೆವು’ ಎಂದ. ತಂಗಿ ಬರುವ ಹೊತ್ತಿಗೆ ಆ ಬಸ್ಸು ಹೊರಟುಹೋಗಿತ್ತು. ಮರುಭೂಮಿ ನಡೆದು ಬಂದಳು, ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರುವ ಕೆಲಸಕ್ಕೆ ನಿಂತಳು, ಯಾರೆಲಿ ಎಂಬ ಮಗಳನ್ನು ಹೆತ್ತಳು. ಯಾರೆಲಿಯ ಅಪ್ಪ ಅಲಾಸ್ಕಾದಲ್ಲಿ ಮೀನಿನ ಡಬ್ಬಿ ತುಂಬುವ ಕೆಲಸ ಅಂತ ಹೋದವನು ಇನ್ನೂ ತುಂಬುತ್ತಲೇ ಇದ್ದಾನೆ. ಹೀಗೆ ಒಂದೇ ಒಲೆಯ ಸುತ್ತ ನಾವು ಮೂರು ಜಾತಿ: ನಾನು ಕಾಗದದಿಂದ ಈ ದೇಶದವನು, ಹುಡುಗಿ ಹುಟ್ಟಿನಿಂದ ಈ ದೇಶದವಳು, ತಂಗಿ ಬೆವರಿನಿಂದ ಮಾತ್ರ. ಬೆವರನ್ನು ಯಾವ ಕಚೇರಿಯೂ ಗುರುತಿನ ಚೀಟಿ ಎಂದು ಒಪ್ಪುವುದಿಲ್ಲ.

ಒಂದು ಸಂಜೆ ತಂಗಿಯ ಕಾರಿನ ಹಿಂದಿನ ದೀಪ ಕೆಟ್ಟಿತು. ಪೊಲೀಸಿನವನು ನಿಲ್ಲಿಸಿ ಕಾಗದ ಕೇಳಿದ. ದೀಪ ರಿಪೇರಿಯಾದದ್ದು ಮರುದಿನ. ಆ ದೀಪದಿಂದ ಹುಟ್ಟಿದ ಕೇಸು ವಲಸೆ ಕೋರ್ಟಿನಲ್ಲಿ ವರ್ಷಗಟ್ಟಲೆ ಉರಿಯಿತು. ಕೊನೆಗೆ ಯಾರೆಲಿಗೆ ಹದಿನಾರು ತುಂಬಿದ ಮೇಲೆ ವಿಚಾರಣೆಯ ದಿನ ಗೊತ್ತಾಯಿತು. ಜಡ್ಜ್ ಸಾಹೇಬರು ಹೂಂ ಅಂದರೆ ತಂಗಿ ಮಡೇರಾದಲ್ಲಿ. ಊಹೂಂ ಅಂದರೆ ಬೆಟ್ಟಕ್ಕೆ.

ನಮ್ಮ ವಕೀಲಮ್ಮ ಒಕಾಂಪೊ ಪಕ್ಕದ ಊರಿನ ಟ್ರಾಕ್ಟರ್ ಡ್ರೈವರಿನ ಮಗಳು. ಅವರ ಕಚೇರಿಯಲ್ಲಿ ನಮ್ಮನ್ನು ಸಾಲಾಗಿ ಕೂರಿಸಿ ಹೇಳಿದರು:

“ನೋಡಿ, ಕಾನೂನು ಕೇಳೋದು ಮೂರು. ಹತ್ತು ವರ್ಷದಿಂದ ಇಲ್ಲೇ ಇದ್ದೀರಾ? ಇದ್ದೀರಿ. ಒಳ್ಳೇ ನಡತೆನಾ? ಅದೂ ಸರಿ. ಮೂರನೇದೇ ತೊಂದ್ರೆ. ಎರ್ಮೆಲಿಂಡಾ ಅವರು ಹೋದ್ರೆ ಇಲ್ಲಿ ಹುಟ್ಟಿದ ಮಗಳಿಗೆ ಅಸಾಧಾರಣವಾದ, ಅತ್ಯಂತ ಅಪರೂಪದ ಕಷ್ಟ ಆಗುತ್ತೆ ಅಂತ ತೋರಿಸ್ಬೇಕು.”

“ಆಗದೇ ಇರುತ್ತಾ ವಕೀಲಮ್ಮ? ಅಮ್ಮ ಹೋದ್ರೆ ಮಗು ಅಳಲ್ವಾ?” ಅಂದೆ.

“ಅದು ಸಾಧಾರಣ ಕಷ್ಟ, ಫಿಡೆನ್ಸಿಯೊ ಅವರೇ. ಎಲ್ಲ ಮಕ್ಕಳೂ ಅಳ್ತಾರೆ. ಕಾನೂನಿಗೆ ಅದು ಸಾಲ್ದು.”

ಕೇಳಿದಿರಲ್ಲ! ಈ ದೇಶದಲ್ಲಿ ದ್ರಾಕ್ಷಿಗೆ ದರ್ಜೆ ಇದೆ, ಮೊಟ್ಟೆಗೆ ದರ್ಜೆ ಇದೆ, ಈಗ ಕಷ್ಟಕ್ಕೂ. ಎರಡನೇ ದರ್ಜೆಯ ಕಷ್ಟ ತಂದವರನ್ನು ಬಾಗಿಲಿನಿಂದಲೇ ವಾಪಸು ಕಳಿಸುತ್ತಾರೆ.

ಮೊದಲ ದರ್ಜೆಯ ಮಾಲು ನಮ್ಮ ಹತ್ತಿರ ಇರಲಿಲ್ಲ ಅಂತಲ್ಲ. ಯಾರೆಲಿಗೆ ಎಂಟನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ಮುದುಕರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬಂದು ಜೀವಮಾನವಿಡೀ ಬಿಡದ ಬಗೆ. ಪ್ರತಿ ಊಟಕ್ಕೂ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳಬೇಕು. ನಮ್ಮ ಬೆಟ್ಟದಲ್ಲಿ ಆ ಔಷಧಿಯೂ ಇಲ್ಲ, ಅದನ್ನು ತಣ್ಣಗಿಡಲು ನಂಬಿಕೆಯ ಕರೆಂಟೂ ಇಲ್ಲ. ವಕೀಲಮ್ಮನಿಗೆ ಇದೆಲ್ಲ ಗೊತ್ತು, ಆಸ್ಪತ್ರೆಯ ಕಾಗದ ಇಟ್ಟುಕೊಂಡಿದ್ದರು. “ಕಾಗದ ಸಾಲ್ದು, ಜಡ್ಜ್ ನಿಮ್ಮ ಬಾಯಿಂದ ಕೇಳ್ಬೇಕು” ಎಂದು ತಂಗಿಯ ಕಡೆ ತಿರುಗಿ, “ಹೇಳಿ ಎರ್ಮೆಲಿಂಡಾ ಅವರೇ, ಹೇಗಿದ್ದೀರಿ?” ಎಂದರು.

“ಚೆನ್ನಾಗಿದ್ದೀವಿ, ದೇವರ ದಯೆ.”

“ಕಾಯಿಲೆ ಮಗು ಜೊತೆ ಒಬ್ಬರೇ ಹೆಂಗಸು... ಹೇಗೆ ನಡೀತಿದೆ?”

“ಚೆನ್ನಾಗಿ ನಡೀತಿದೆ, ದೇವರ ದಯೆ.”

ವಕೀಲಮ್ಮ ಪೆನ್ನಿನಿಂದ ತಲೆ ಕೆರೆದುಕೊಂಡರು. ಅವರ ತಪ್ಪಲ್ಲ. ನಮ್ಮೂರಿನಲ್ಲಿ ‘ಹೇಗಿದ್ದೀಯ’ ಎಂಬ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಬೇರೆ ಉತ್ತರ ಕೊಟ್ಟರೆ ನಿಮ್ಮ ಹೊರೆಯನ್ನು ಕೇಳಿದವನ ಬೆನ್ನ ಮೇಲೆ ಹೇರಿದ ಹಾಗೆ. ನಮ್ಮಜ್ಜ ಒಮ್ಮೆ ಬಾವಿಗೆ ಬಿದ್ದಿದ್ದ. ದಾರಿಹೋಕನೊಬ್ಬ ಬಗ್ಗಿ, “ಹೇಗಿದ್ದೀಯಪ್ಪಾ?” ಎಂದ. ಒಳಗಿನಿಂದ, “ಚೆನ್ನಾಗಿದ್ದೀನಿ, ದೇವರ ದಯೆ, ನೀವು?” ಎಂದು ಬಂತು. “ನಾನೂ ಚೆನ್ನಾಗಿದ್ದೀನಿ” ಎಂದು ಅವನು ಹೊರಟುಹೋದ. ಅಜ್ಜ ಮೂರು ದಿನ ಬಾವಿಯಲ್ಲೇ ಇದ್ದ. ಆಗಲೇ ಅವನು ಈಜು ಕಲಿತದ್ದು.

ಅವತ್ತು ಸಂಜೆ ನಮ್ಮ ಗ್ಯಾರೇಜಿನಲ್ಲಿ ಬ್ಯಾಂಡಿನ ಅಭ್ಯಾಸ. ಊರಿನ ಹುಡುಗ ಹುಡುಗಿಯರಿಗೆ ಬ್ಯಾಂಡು ಕಲಿಸುವವನು ನಾನೇ. ಯಾರೆಲಿ ದೊಡ್ಡ ಡ್ರಮ್ಮು ಬಾರಿಸುತ್ತಾಳೆ. ಡ್ರಮ್ಮು ಅವಳಿಗಿಂತ ದಪ್ಪ, ಆದರೆ ಅವಳಿಗೆ ಹೆದರುತ್ತದೆ. ಉಳಿದವರು ಹೋದ ಮೇಲೆ ಅವಳು ಡ್ರಮ್ಮಿನ ಹಗ್ಗ ಬಿಗಿ ಮಾಡುತ್ತಾ ಹೇಳಿದಳು:

“ಮಾಮ, ಕೋರ್ಟಲ್ಲಿ ನಾನು ಅಳಲ್ಲ. ಈಗ್ಲೇ ಹೇಳ್ಬಿಟ್ಟಿದ್ದೀನಿ.”

“ಒಂದು ಹನಿ ಹಾಕಿದ್ರೆ ಏನ್ ಗಂಟು ಹೋಗುತ್ತೆ? ಬೇಕಾದ್ರೆ ನಾನು ಕಲಿಸ್ತೀನಿ. ನಾನೊಂದ್ಸಲ ಅತ್ತಿದ್ದಕ್ಕೆ ಸ್ಯಾನ್ ವಾಕೀನ್ ನದಿ ದಡ ಮೀರಿ ಹರಿದಿತ್ತು.”

“ಆ ನದೀಲಿ ನೀರೇ ಇಲ್ವಲ್ಲ ಮಾಮ.”

“ಈಗ ಇಲ್ಲ. ನಾನು ಅಳೋದು ಬಿಟ್ಮೇಲೆ ಒಣಗ್ತು.”

ನಗು ಬಂದರೂ ನಗಲಿಲ್ಲ, ಹಠಮಾರಿ. “ಬ್ಯಾಂಡಿನವರಿಗೆ ಒಬ್ರಿಗೂ ನನ್ನ ಸಕ್ಕರೆ ವಿಷಯ ಗೊತ್ತಿಲ್ಲ. ಸೂಜಿನ ಬಾತ್‌ರೂಮಲ್ಲಿ ಚುಚ್ಕೊಂಡು ಬರ್ತೀನಿ. ‘ಅಯ್ಯೋ ಪಾಪ’ ಅಂತ ಒಬ್ರು ಅಂದ್ರೂ ಈ ಕೋಲಲ್ಲೇ ಬಾರಿಸ್ಬೇಕು ಅನ್ಸುತ್ತೆ. ಅಂಥದ್ರಲ್ಲಿ ಜಡ್ಜ್ ಮುಂದೆ ಹೋಗಿ, ಸ್ವಾಮಿ ನಾನು ಪಾಪದವಳು ಅನ್ನಬೇಕಾ?”

“ಅಮ್ಮ ಇಲ್ಲಿರ್ಬೇಕಲ್ಲೇ, ಪುಟ್ಟಿ.”

ಡ್ರಮ್ಮಿಗೆ ಒಂದು ಏಟು ಕೊಟ್ಟಳು. ಗ್ಯಾರೇಜಿನ ಗೋಡೆ ಬಿರುಕು ಬಿಟ್ಟಿತು. ಬೇಕಾದರೆ ಬಂದು ನೋಡಿ.

ವಿಚಾರಣೆಯ ದಿನ ಬೆಳಿಗ್ಗೆ ನನ್ನ ವ್ಯಾನಿನಲ್ಲಿ ಹೊರಟೆವು. ತಂಗಿ ಬೀನ್ಸ್ ಕಾಳು ತುಂಬಿದ ತೋರ್ತಿಯಾ ರೊಟ್ಟಿ ಒಂದು ಪಡೆಗೆ ಆಗುವಷ್ಟು ಕಟ್ಟಿಕೊಂಡಿದ್ದಳು. ನಾನು ಟ್ಯೂಬಾ ತೆಗೆದುಕೊಂಡಿದ್ದೆ. “ಕೋರ್ಟಿಗೆ ಅದ್ಯಾಕೆ ಅಣ್ಣ?” ಎಂದಳು. ಡಾಕ್ಟರು ಸ್ಟೆತಸ್ಕೋಪ್ ಬಿಟ್ಟು ಹೋಗುತ್ತಾನೆಯೇ?

ಮೂರು ಗಂಟೆ ದಾರಿಯ ಆಚೆ, ನಗರದ ಎತ್ತರದ ಕಟ್ಟಡವೊಂದರಲ್ಲಿ ಕೋರ್ಟು. ಕೋಣೆ ನೋಡಿ ನನಗೆ ನಿರಾಸೆಯಾಯಿತು. ನಮ್ಮ ಗ್ಯಾರೇಜೇ ಇದಕ್ಕಿಂತ ದೊಡ್ಡದು. ಜಡ್ಜ್ ಸಾಹೇಬರು ಮಾತ್ರ ಲಕ್ಷಣವಾಗಿದ್ದರು. ಒಂದೊಂದು ಹುಬ್ಬೂ ಒಂದೊಂದು ಕುರಿಮರಿಯಷ್ಟಿತ್ತು. ನೆಗಡಿಯಾಗಿತ್ತು ಪಾಪ, ಪೆಪ್ಪರ್‌ಮಿಂಟು ಚೀಪುತ್ತಿದ್ದರು. ಎದುರು ಸರ್ಕಾರಿ ವಕೀಲ, ಬಹಳ ಮರ್ಯಾದಸ್ಥ ಹುಡುಗ. ಪಕ್ಕದಲ್ಲಿ ನಮ್ಮ ಸ್ಪ್ಯಾನಿಷ್ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ಹೆಂಗಸು. ಸಾಕ್ಷಿಗಳು ಒಬ್ಬರ ಮಾತು ಒಬ್ಬರು ಕೇಳಬಾರದಂತೆ, ಯಾರೆಲಿಯನ್ನೂ ನನ್ನನ್ನೂ ಹೊರಗೆ ಕೂರಿಸಿದರು; ನಾನು ಬಾಗಿಲ ಕಿಂಡಿಗೆ ಕಣ್ಣೂ ಕಿವಿಯೂ ಇಟ್ಟೆ.

ಮೊದಲು ತಂಗಿ. ಅವಳು ಬಾಯಿಬಿಟ್ಟಷ್ಟೂ ದೇವರ ದಯೆಯೇ ಹೊರಬಂತು. ದಯೆ ಕೇಳಿ ಕೇಳಿ ಜಡ್ಜ್ ಸಾಹೇಬರು ಎರಡನೇ ಪೆಪ್ಪರ್‌ಮಿಂಟು ಬಿಚ್ಚಿದರು.

ಆಮೇಲೆ ನಾನು. ಕೈ ಎತ್ತಿ ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡಿದೆ. “ದೊಡ್ಡದು ಮಾಡಿ ಹೇಳ್ಬೇಡಿ, ಕೈ ಮುಗೀತೀನಿ” ಎಂದು ವಕೀಲಮ್ಮ ಬಾಗಿಲಲ್ಲೇ ಹೇಳಿದ್ದರು. ಹಾಗಾಗಿ ಎಲ್ಲವನ್ನೂ ಅರ್ಧಕ್ಕೆ ಇಳಿಸಿ ಹೇಳಿದೆ. ನನ್ನ ತಂಗಿ ಕೋಳಿಗಿಂತ ಮುಂಚೆ ಏಳುತ್ತಾಳೆ, ಕೋಳಿಯನ್ನು ಎಬ್ಬಿಸುವುದೇ ಅವಳು ಎಂದೆ. ಅವಳು ಸವರಿದ ಬಳ್ಳಿಯ ದ್ರಾಕ್ಷಿ ತಿಂದ ಬಿಷಪ್ಪರು ವೈನು ಬೇಡವೆಂದರು ಎಂದೆ. ಭಾಷಾಂತರದ ಹೆಂಗಸು ಎರಡು ಲೋಟ ನೀರು ಕುಡಿದರು.

ಸರ್ಕಾರಿ ವಕೀಲ ಎದ್ದ. “ನಿಮ್ಮ ತಂಗಿ ಮಗಳ ಬಗ್ಗೆ ಸ್ವಲ್ಪ ಹೇಳ್ತೀರಾ?”

ಇಷ್ಟು ವರ್ಷದಲ್ಲಿ ಇಂಥ ಒಳ್ಳೆಯ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

“ಸ್ವಲ್ಪ ಯಾಕೆ ಸಾರ್, ಪೂರ್ತಿ ಹೇಳ್ತೀನಿ! ಅಂಥ ಹುಡುಗಿ ನಿಮ್ಮ ನಗರದಲ್ಲಿ ದೀಪ ಹಿಡಿದು ಹುಡುಕಿದ್ರೂ ಸಿಗಲ್ಲ. ಡ್ರಮ್ ಹೊತ್ಕೊಂಡು ಹಬ್ಬದ ಮೆರವಣಿಗೇಲಿ ಇಡೀ ಊರು ಸುತ್ತುತ್ತಾಳೆ, ಗಂಡು ಹುಡುಗರು ಏದುಸಿರು ಬಿಡ್ತಾ ಹಿಂದೆ ಬರ್ತಾರೆ. ಕ್ಲಾಸಲ್ಲಿ ಮೊದಲು. ಟೀಚರ್‌ಗಳೇ ಅವಳನ್ನ ಡೌಟು ಕೇಳ್ತಾರೆ!”

“ಗಟ್ಟಿ ಹುಡುಗಿ ಅನ್ನಿ.”

“ಗಟ್ಟಿನಾ? ಹೇಸರಗತ್ತೆ ಸಾರ್, ಹೇಸರಗತ್ತೆ!”

“ಹಾಗಾದ್ರೆ ಅಮ್ಮನ ಜೊತೆ ನಿಮ್ಮೂರಿಗೆ ಹೋದ್ರೂ ಹೊಂದ್ಕೊಂಡು ಹೋಗ್ತಾಳೆ ಅಂತೀರಾ?”

“ಹೊಂದ್ಕೊಳ್ಳೋದಾ? ಒಂದೇ ತಿಂಗಳಲ್ಲಿ ಊರಿನ ಅಧ್ಯಕ್ಷೆ ಆಗಿರ್ತಾಳೆ!”

“ಬಹಳ ಧನ್ಯವಾದ. ಇನ್ನೇನೂ ಕೇಳೋದಿಲ್ಲ.”

ಅಷ್ಟು ಹೃದಯಪೂರ್ವಕವಾಗಿ ನನಗೆ ಯಾರೂ ಧನ್ಯವಾದ ಹೇಳಿದ್ದಿಲ್ಲ. ವಕೀಲಮ್ಮ ಒಕಾಂಪೊ ಕಣ್ಣು ಮುಚ್ಚಿ, ಹಣೆಗೆ ಕೈ ಹಚ್ಚಿ ಕೂತಿದ್ದರು. ನನ್ನ ಮಾತಿನ ರುಚಿ ಸವಿಯುತ್ತಿದ್ದರು. ನಾನು ಜಡ್ಜ್ ಸಾಹೇಬರಿಗೆ ತಲೆಬಾಗಿ ಇಳಿದು ಬಂದು ತಂಗಿಯ ಪಕ್ಕ ಕೂತೆ. “ಗೆದ್ದುಬಿಟ್ವಿ ಕಣೇ” ಎಂದೆ ಕಿವಿಯಲ್ಲಿ. ಅವಳ ಮುಖ ಸುಣ್ಣದ ಹಾಗಿತ್ತು. ಸಂತೋಷಕ್ಕೂ ಹಾಗಾಗುತ್ತದೆ.

ಯಾರೆಲಿಯನ್ನು ಒಳಗೆ ಕರೆದರು. ಬ್ಯಾಂಡಿನ ಬಿಳಿ ಅಂಗಿ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. ಅವಳದು ಇಂಗ್ಲಿಷೇ. ನನಗೆ ಇಂಗ್ಲಿಷು ಇಂಗ್ಲೆಂಡಿನವರಿಗಿಂತ ಚೆನ್ನಾಗಿ ಬರುವುದರಿಂದ ಒಂದಕ್ಷರವೂ ತಪ್ಪಲಿಲ್ಲ.

ವಕೀಲಮ್ಮ ಕಾಯಿಲೆಯ ಬಗ್ಗೆ ಕೇಳಿದರು. “ಔಷಧಿ ತಗೋತೀನಿ, ಚೆನ್ನಾಗಿದ್ದೀನಿ” ಎಂದಳು. ಕಷ್ಟದ ದಿನಗಳು ಇರುತ್ತವಾ ಎಂದರು. “ನಡ್ಕೊಂಡು ಹೋಗುತ್ತೆ, ದೇವರ ದಯೆ” ಎಂದಳು. ಬೆಟ್ಟದ ಮುಖ ಒಮ್ಮೆಯೂ ನೋಡದ, ಮಡೇರಾದ ಆಸ್ಪತ್ರೆಯಲ್ಲಿ ಹುಟ್ಟಿದ ಮಗು! ನಮ್ಮಜ್ಜನ ಬಾವಿಯಿಂದಲೇ ನೇರವಾಗಿ ಮಾತಾಡುತ್ತಿದ್ದಳು.

ಸರ್ಕಾರಿ ವಕೀಲನಿಗೆ ಒಂದೇ ಪ್ರಶ್ನೆ ಸಾಕಾಯಿತು. “ನಿಮ್ಮಮ್ಮ ಹೋಗಬೇಕಾಗಿ ಬಂದ್ರೂ ಚೆನ್ನಾಗೇ ಇರ್ತೀಯ ಅಲ್ವಾ?”

ಹುಡುಗಿಯ ದವಡೆ ಬಿಗಿಯಿತು. “ಇರ್ತೀನಿ.”

ತಂಗಿ ನನ್ನ ತೋಳು ಹಿಡಿದುಕೊಂಡಳು. ಅವಳ ಉಗುರಿನ ಗುರುತು ಇನ್ನೂ ಇದೆ, ತೋರಿಸುತ್ತೇನೆ.

ವಕೀಲಮ್ಮ ಮತ್ತೆ ಎದ್ದರು. ಕೈಯಲ್ಲಿದ್ದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಮಗುಚಿ ಹಾಕಿದರು. ಕಟ್ಟಿದ ಜುಟ್ಟು ಬಿಚ್ಚಿ ಮತ್ತೆ ಕಟ್ಟಿದರು; ಟ್ರಾಕ್ಟರ್ ಡ್ರೈವರಿನ ಮಗಳು ಮಣ್ಣಿಗಿಳಿದದ್ದು ಆಗಲೇ.

“ಯಾರೆಲಿ, ಎಂಟನೇ ವಯಸ್ಸಲ್ಲಿ ಸ್ಕೂಲಲ್ಲಿ ಪ್ರಜ್ಞೆ ತಪ್ಪಿ ಬಿದ್ದೆ. ಆಸ್ಪತ್ರೇಲಿ ಕಣ್ಣು ಬಿಟ್ಟಾಗ ಡಾಕ್ಟರ್ ಹೇಗಿದ್ದೀಯ ಅಂದ್ರು. ಏನಂದೆ?”

“...ಚೆನ್ನಾಗಿದ್ದೀನಿ, ದೇವರ ದಯೆ.”

“ಮಂಜಲ್ಲಿ ಕೆಲಸದ ವ್ಯಾನು ಮಗುಚಿ ನಿಮ್ಮಮ್ಮನ ತೋಳು ಮುರೀತಲ್ಲ, ಆಂಬುಲೆನ್ಸಿನವರು ಕೇಳಿದಾಗ ಅಮ್ಮ ಏನಂದ್ರು?”

“ಅದೇ.”

“ಅದೇ ಅಂದ್ರೆ?”

“ಚೆನ್ನಾಗಿದ್ದೀನಿ, ದೇವರ ದಯೆ.”

“ನಿಮ್ಮಜ್ಜಿ ತೀರಿಕೊಂಡ್ರು ಅಂತ ಊರಿಂದ ಫೋನ್ ಬಂತು. ಅಮ್ಮನಿಗೆ ಹೋಗೋಕಾಗ್ಲಿಲ್ಲ. ನಾನೇ ಬಂದಿದ್ದೆ ಅವತ್ತು ನಿಮ್ಮನೆಗೆ. ಹೇಗಿದ್ದೀರಿ ಅಂದೆ. ನನಗೆ ಏನಂದ್ರು?”

ಭಾಷಾಂತರದ ಹೆಂಗಸು ತಂಗಿಗೋಸ್ಕರ ಅದನ್ನು ಸ್ಪ್ಯಾನಿಷಿನಲ್ಲಿ ಹೇಳಿದ್ದೇ ತಡ, ನನ್ನ ತಂಗಿ ತನ್ನನ್ನೇ ಕೇಳಿದರೆಂದು ತಿಳಿದು ಎದ್ದುನಿಂತು, “ಚೆನ್ನಾಗಿದ್ದೀನಿ ಸ್ವಾಮಿ, ದೇವರ ದಯೆ” ಎಂದಳು.

ಸರ್ಕಾರಿ ವಕೀಲನೂ ನಕ್ಕ. ಜಡ್ಜ್ ಸಾಹೇಬರು ನಗಲಿಲ್ಲ. ಎರಡು ಕುರಿಮರಿಗಳೂ ಹಣೆಯ ಮೇಲಕ್ಕೆ ಹತ್ತಿ ನಿಂತವು. ಪೆಪ್ಪರ್‌ಮಿಂಟನ್ನು ಕೆನ್ನೆಗೆ ಸರಿಸಿ, ಯಾರೆಲಿಯ ಕಡೆ ಬಗ್ಗಿ ಕೇಳಿದರು:

“ಹಾಗಾದ್ರೆ ಮಗೂ, ಚೆನ್ನಾಗಿ ಇಲ್ದೇ ಇದ್ದಾಗ ನಿಮ್ಮನೇಲಿ ಏನಂತಾರೆ?”

ಯಾರೆಲಿ ಉತ್ತರ ಕೊಡಲು ಬಾಯಿ ತೆರೆದಳು. ಉತ್ತರ ಇರಲಿಲ್ಲ. ನಾನೂ ಹುಡುಕಿದೆ. ನಾಲ್ಕು ತಲೆಮಾರಿನ ಮಾತನ್ನೆಲ್ಲ ಜಾಲಾಡಿದೆ. ಬೇರೆ ಒಂದು ಮಾತೂ ಸಿಗಲಿಲ್ಲ.

“ಏನೂ ಅನ್ನಲ್ಲ,” ಎಂದಳು ಕೊನೆಗೆ. “ಅಮ್ಮ ನನ್ನ ಕತ್ತಿನ ಹಿಂದೆ ಕೈಯಿಟ್ಟು ನೋಡ್ತಾಳೆ.”

“ಯಾಕೆ?”

“ತಣ್ಣಗೆ ಬೆವೆತಿದೆಯಾ ಅಂತ. ಬೆವೆತಿದ್ರೆ ಸಕ್ಕರೆ ಇಳೀತಿದೆ ಅಂತ ಅರ್ಥ. ನಿದ್ದೇಲಿ ಇಳಿದ್ರೆ ನನಗೆ ಎಚ್ಚರಾನೇ ಆಗಲ್ಲ ಸರ್. ಸಕ್ಕರೆ ಅಳೆಯೋ ಮೆಷಿನ್ ಕೂಗುತ್ತೆ, ಕೇಳಿಸಲ್ಲ. ಅಮ್ಮ ಅದು ಕೂಗೋಕೆ ಮುಂಚೆನೇ ಎದ್ದಿರ್ತಾಳೆ. ಕೂರಿಸಿ ಜ್ಯೂಸ್ ಕುಡಿಸ್ತಾಳಂತೆ. ಬೆಳಿಗ್ಗೆ ಲೋಟ ನೋಡಿದಾಗ್ಲೇ ನನಗೆ ಗೊತ್ತಾಗೋದು.” ಅವಳು ತನ್ನ ಕೈಗಳನ್ನು ನೋಡಿಕೊಂಡಳು. “ಒಂದೊಂದು ಬೆಳಿಗ್ಗೆ ಎರಡು ಲೋಟ ಇರುತ್ತೆ. ಆದ್ರೂ ಕೇಳಿದ್ರೆ ಚೆನ್ನಾಗಿ ನಿದ್ದೆ ಬಂತು ಅಂತಾಳೆ.”

ಆಮೇಲೆ ತಲೆ ಎತ್ತಿ ಸಾಹೇಬರನ್ನೇ ನೋಡಿದಳು.

“ಅಮ್ಮ ಅಲ್ಲಿ, ನಾನಿಲ್ಲಿ ಆದ್ರೆ, ಆಗ್ಲೂ ಚೆನ್ನಾಗಿದ್ದೀನಿ ಅಂತಾನೇ ಹೇಳ್ತೀನಿ ಸರ್. ಎಚ್ಚರ ಇರೋವರೆಗೂ.”

ಅಳಲಿಲ್ಲ, ನೋಡಿ. ಹೇಳಿದ್ದಳಲ್ಲ, ಅಳಲಿಲ್ಲ. ಅತ್ತದ್ದು ಜಡ್ಜ್ ಸಾಹೇಬರು. ಗಳಗಳನೆ! ಮೇಜಿನ ಮೇಲಿನ ಕಾಗದಗಳು ತೇಲಿದವು. ಅದು ನೆಗಡಿ ಎಂದು ಯಾರೆಲಿ ಇವತ್ತಿಗೂ ವಾದಿಸುತ್ತಾಳೆ. ಹದಿನಾರರ ಹುಡುಗಿಗೆ ಗಂಡಸರ ನೆಗಡಿ ಏನು ಗೊತ್ತು?

ಸಾಹೇಬರು ಸರ್ಕಾರಿ ವಕೀಲನ ಕಡೆ ತಿರುಗಿ, ಇನ್ನೇನಾದರೂ ಕೇಳುವುದಿದೆಯೇ ಎಂದರು. ಅವನು ಇಲ್ಲವೆಂದ. ಜಡ್ಜ್ ಸಾಹೇಬರು ಒಳಗೆ ಹೋದರು, ಬಂದರು, ತೀರ್ಪು ಓದತೊಡಗಿದರು. ಎಂಥ ಇಂಗ್ಲಿಷ್ ಅಂತೀರಿ! ಅಷ್ಟುದ್ದದ ವಾಕ್ಯಗಳಿಗೆ ಮಧ್ಯೆ ಎಲ್ಲಾದರೂ ಧರ್ಮಛತ್ರ ಕಟ್ಟಿಸಬೇಕಿತ್ತು. ಭಾಷಾಂತರದ ಹೆಂಗಸು ಅದನ್ನು ಅಷ್ಟೇ ಉದ್ದದ ಸ್ಪ್ಯಾನಿಷಿಗೆ ತಿರುಗಿಸಿದರು. ತಂಗಿ ನನ್ನ ಅಂಗಿ ಜಗ್ಗಿದಳು.

“ಏನಂದ್ರು ಅಣ್ಣ?”

ಇಡೀ ಜೀವಮಾನ ಇಂಥದೊಂದು ಕ್ಷಣಕ್ಕಾಗಿಯೇ ನಾನು ನಾಲಿಗೆ ಮಸೆದುಕೊಂಡು ಕೂತಿದ್ದವನು. ಆದರೆ ನಾಲಿಗೆಯಿಂದ ಉದುರಿದ್ದು ಒಂದೇ ಮಾತು. ಸಾಹೇಬರ ಪೆಪ್ಪರ್‌ಮಿಂಟಿನ ಘಾಟು ಅಂಥದು.

“ಇರಬಹುದಂತೆ,” ಎಂದೆ.

“ಎಲ್ಲಿ?”

“ಮನೇಲಿ ಕಣೇ. ನಮ್ಮನೇಲಿ. ಗ್ರೀನ್ ಕಾರ್ಡ್ ಬರೋದು ಸ್ವಲ್ಪ ತಡ ಆಗುತ್ತಂತೆ, ಅದಕ್ಕೂ ಒಂದು ಕ್ಯೂ ಇದೆಯಂತೆ. ಆದ್ರೆ ಇರಬಹುದು.”

ಅವಳು ಎದ್ದು ನೇರ ಮಗಳ ಹತ್ತಿರ ಹೋಗಿ ತಲೆಗೆ ಒಂದು ಮೊಟಕು ಕೊಟ್ಟಳು. “ಮನೆ ವಿಷಯಾನೆಲ್ಲ ಇಷ್ಟು ಜನರ ಮುಂದೆ ಹೇಳ್ತಾರೇನೇ ಕತ್ತೆ?” ಎಂದವಳೇ ಅವಳನ್ನು ಅಪ್ಪಿಕೊಂಡು ನಗತೊಡಗಿದಳು. ನನ್ನ ತಂಗಿ ಹಾಗೆ ನಕ್ಕದ್ದನ್ನು ನಾನು ಬೆಟ್ಟ ಬಿಟ್ಟ ಮೇಲೆ ಕೇಳಿರಲಿಲ್ಲ. ವಕೀಲಮ್ಮ ಮೂಗು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದು, “ಊರಿನ ಅಧ್ಯಕ್ಷೆನಾ, ಫಿಡೆನ್ಸಿಯೊ ಅವರೇ? ಅಧ್ಯಕ್ಷೆನಾ?” ಎಂದರು.

“ಬಾಣ ಮುಂದೆ ಹೋಗ್ಬೇಕಾದ್ರೆ ಮೊದ್ಲು ಹಿಂದಕ್ಕೆ ಎಳೀಬೇಕು ವಕೀಲಮ್ಮ. ನಾನು ಎಳೆದೆ, ನೀವು ಬಿಟ್ರಿ,” ಎಂದೆ. ಅವರು ನನಗೆ ಎರಡೂ ಕೈ ಮುಗಿದರು. ಯಾರು ಮುಗಿಯುವುದಿಲ್ಲ?

ಹೊರಗೆ ಬೀದಿಯಲ್ಲಿ ನಾನು ವ್ಯಾನಿನಿಂದ ಟ್ಯೂಬಾ ಇಳಿಸಿದೆ. ಯಾರೆಲಿ ವ್ಯಾನಿನ ಬಾನೆಟ್ಟನ್ನೇ ಡ್ರಮ್ಮು ಮಾಡಿಕೊಂಡಳು. ನಮ್ಮೂರಿನ ಮದುವೆ ಕುಣಿತದ ರಾಗ ಹಿಡಿದೆವು. ಕೋರ್ಟಿನ ಸರದಿಯಲ್ಲಿ ಸಪ್ಪೆ ಮುಖ ಹಾಕಿಕೊಂಡು ನಿಂತಿದ್ದ ಒಂದು ಗ್ವಾಟೆಮಾಲಾ ಸಂಸಾರ ಅಲ್ಲೇ ಕಾಲು ಕುಣಿಸಿತು. ಟ್ರಾಮು ನಿಂತಿತು. ಆರನೇ ಮಹಡಿಯಿಂದ ಗುಮಾಸ್ತೆಯೊಬ್ಬಳು ಕೈ ಬೀಸಿದಳು. ಪಹರೆಯವನು ಓಡಿ ಬಂದು, “ಇಲ್ಲಿ ಊದಂಗಿಲ್ಲ!” ಎಂದ. ತಂಗಿ ಅವನ ಕೈಗೆ ಎರಡು ತೋರ್ತಿಯಾ ಇಟ್ಟಳು. ಅವನು ಒಂದನ್ನು ಕಚ್ಚಿ, “ಇನ್ನೊಂದೇ ಹಾಡು” ಎಂದ. ನಾವು ಏಳು ಹಾಡು ಬಾರಿಸಿದೆವು. ಅವನ ಬಾಯಿ ಖಾಲಿಯಾಗಿದ್ದರೆ ತಾನೆ ಬೈಯುವುದು?

ಆಮೇಲೆ ಯಾರೆಲಿ ತನ್ನ ಚೀಲದಿಂದ ಸೂಜಿ ತೆಗೆದಳು. ಬಾತ್‌ರೂಮು ಹುಡುಕಲಿಲ್ಲ. ವ್ಯಾನಿನ ಮೆಟ್ಟಿಲ ಮೇಲೆ ಕೂತು, ಬಿಳಿ ಅಂಗಿ ಸ್ವಲ್ಪ ಎತ್ತಿ, ಗ್ವಾಟೆಮಾಲಾ ಮಕ್ಕಳು ಪಿಳಿಪಿಳಿ ನೋಡುತ್ತಿದ್ದಂತೆಯೇ ಚುಚ್ಚಿಕೊಂಡು, ತೋರ್ತಿಯಾಕ್ಕೆ ಬಾಯಿ ಹಾಕಿದಳು. “ನೋವಾಗುತ್ತಾ?” ಎಂದು ಒಂದು ಪೋರಿ ಕೇಳಿತು. “ಸ್ವಲ್ಪ” ಎಂದಳು ತುಂಬಿದ ಬಾಯಿಯಲ್ಲಿ.

ವಾಪಸು ಹೊರಟೆವು. ಸೇತುವೆ ದಾಟುವಷ್ಟರಲ್ಲಿ ತಂಗಿಗೆ ಹಿಂದಿನ ಸೀಟಿನಲ್ಲಿ ನಿದ್ದೆ ಬಂದುಬಿಟ್ಟಿತು. ಬಾಯಿ ತೆರೆದು, ಟ್ಯೂಬಾದ ಮೇಲೆ ಕಾಲು ಹಾಕಿ, ನಡು ಮಧ್ಯಾಹ್ನ, ಹೆದ್ದಾರಿಯ ಲಾರಿಗಳ ಅಬ್ಬರದ ನಡುವೆ. ಅಂಥ ನಿದ್ದೆಯನ್ನು ನಾನು ಎಲ್ಲೂ ನೋಡಿಲ್ಲ. ಹಾಗೆ ಮಲಗಿದ್ದವರನ್ನು ಹಿಂದಿನ ಕಾಲದಲ್ಲಿ ಸಂತರೆಂದು ಪೂಜಿಸುತ್ತಿದ್ದರು.

ನನ್ನ ಬಾಯಲ್ಲೋ ಜಗತ್ತಿನ ಅತಿ ದೊಡ್ಡ ಕಥೆ, ಬಿಸಿಬಿಸಿ, ಉಗಿ ಬಿಡುತ್ತಿತ್ತು. “ಪುಟ್ಟಿ, ಆ ಜಡ್ಜ್ ಸಾಹೇಬರು ಅತ್ತಾಗ...” ಎಂದು ಶುರು ಮಾಡಿದೆ.

ಯಾರೆಲಿ ಮುಂದಿನ ಸೀಟಿನಿಂದ ಹಿಂದಕ್ಕೆ ಬಾಗಿ ಅಮ್ಮನ ಮೇಲೆ ತನ್ನ ಜಾಕೆಟ್ಟು ಹೊದಿಸಿ, ರೇಡಿಯೊ ಆರಿಸಿ, ನನ್ನ ಕಡೆ ಬೆರಳು ತೋರಿಸಿದಳು.

“ಶ್! ಮಲಗಿದ್ದಾಳೆ ಮಾಮ.”

“ಮೆಲ್ಲಗೇ ಹೇಳ್ತೀನಿ ಕಣೇ.”

“ನಿಮಗೆ ಮೆಲ್ಲಗೆ ಬರಲ್ಲ.”

“ಪಿಸುಮಾತಲ್ಲಿ—”

“ಪಿಸುಮಾತಲ್ಲೂ ಬೇಡ. ಮಡೇರಾ ಬರೋವರೆಗೂ.”

ಮೂರು ಗಂಟೆ! ಮರುಭೂಮಿ ದಾಟಿದವನು ನಾನು, ಬಿಸಿಲಲ್ಲಿ ಬಗ್ಗಿ ಸ್ಟ್ರಾಬೆರಿ ಕಿತ್ತವನು. ಅಂಥ ಕಷ್ಟ ಮಾತ್ರ ಎಂದೂ ಪಟ್ಟಿರಲಿಲ್ಲ. ಆದರೂ ತುಟಿ ಹೊಲಿದುಕೊಂಡು, ಗುಂಡಿ ಬಂದಲ್ಲೆಲ್ಲ ವ್ಯಾನನ್ನು ಮೊಟ್ಟೆಯ ಬುಟ್ಟಿಯ ಹಾಗೆ ನಡೆಸುತ್ತಾ, ಒಂದೇ ಒಂದು ಮಾತಾಡದೆ ಮನೆ ಮುಟ್ಟಿಸಿದೆ.